ಟ್ರ್ಯಾಕಿಗೆಂದು ನನ್ನ ಪೋಲೋ ಕಾರಿನ ಚಕ್ರ, ಟೈರುಗಳ ಅಳತೆ ಆರಿಸಿದ ಬಗೆ

ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ) ಒಯ್ಯುವ ಕಾರಿಗೆ ಚಕ್ರಗಳನ್ನು ಕೊಳ್ಳಲು ಹೊರಟಾಗ ನಮ್ಮಲ್ಲಿ ಮಾತು ಸಾಮಾನ್ಯವಾಗಿ ರಿಮ್ಮಿನ ವ್ಯಾಸದಿಂದಲೇ ಶುರುವಾಗುತ್ತದೆ. 16 ಇಂಚೋ 17 ಇಂಚೋ ಎಂಬುದು ಮೊದಲು ತೀರ್ಮಾನವಾಗುತ್ತದೆ, ಅದಕ್ಕೆ ಒಪ್ಪುವ ಟೈರನ್ನು ಆಮೇಲೆ ಹುಡುಕಲಾಗುತ್ತದೆ. ನನ್ನ ಪೋಲೋ ಕಾರಿನ ವಿಷಯದಲ್ಲಿ ನಾನು ಈ ಕ್ರಮವನ್ನು ತಿರುಗಿಸಿಕೊಂಡೆ. ನೆಲವನ್ನು ಮುಟ್ಟುವುದು ಟೈರು. ಆದ್ದರಿಂದ ಎಂಥ ಟೈರು ಬೇಕು, ಅದು ಯಾವ ಅಳತೆಯಲ್ಲಿ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆ. ಆ ಟೈರು ನೆಟ್ಟಗೆ ನಿಲ್ಲಲು ರಿಮ್ ಎಷ್ಟು ಅಗಲವಿರಬೇಕು ಎಂಬುದು ಎರಡನೆಯದು. ಅಷ್ಟು ಅಗಲದ ರಿಮ್ ಕಾರಿನ ಮೈಯೊಳಗೆ ಎಲ್ಲಿ ಕೂರಬೇಕು ಎಂಬುದು ಮೂರನೆಯದು. ವ್ಯಾಸ ಈ ಮೂರರಿಂದ ತಾನಾಗಿಯೇ ಹೊರಬರುತ್ತದೆ. ಈ ಕ್ರಮದಲ್ಲಿ ನಡೆದರೆ ಹಣವೂ ಉಳಿಯುತ್ತದೆ, ಕಾರೂ ಚೆನ್ನಾಗಿ ತಿರುಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರು 2013ರಲ್ಲಿ ಬಿಡುಗಡೆಯಾದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ತಾನಾಗಿಯೇ ಗೇರು ಬದಲಿಸುವ 7 ಗೇರಿನ ಡಿಎಸ್‌ಜಿ ಪೆಟ್ಟಿಗೆ, ತೂಕ ಸುಮಾರು 1,100 ಕಿಲೋ. ಕಾರ್ಖಾನೆಯಿಂದ ಬಂದದ್ದು 185/60 ಆರ್15 ಅಳತೆಯ ಟೈರು (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 60, ರಿಮ್ಮಿನ ವ್ಯಾಸ 15 ಇಂಚು). ಅದು ಕೂತಿರುವ ಅಲಾಯ್ ರಿಮ್ಮಿನ ಹಿಂಬದಿಯಲ್ಲಿ 6ಜೆ×15, ಇಟಿ 40 ಎಂದು ಅಚ್ಚಾಗಿದೆ; ಅಂದರೆ ಅಗಲ 6 ಇಂಚು, ವ್ಯಾಸ 15 ಇಂಚು, ಆಫ್‌ಸೆಟ್ 40 ಮಿ.ಮೀ. (ಆಫ್‌ಸೆಟ್ಟಿನ ಅರ್ಥ ಮುಂದೆ ಬರುತ್ತದೆ). ನಾನಿರುವ ಬೆಂಗಳೂರಿನಿಂದ ಹೋಗಬಹುದಾದ ದೊಡ್ಡ ಟ್ರ್ಯಾಕುಗಳೆಲ್ಲ ತಮಿಳುನಾಡಿನಲ್ಲಿವೆ. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಇರುವ ಮದ್ರಾಸ್ ಟ್ರ್ಯಾಕಿನ ಉದ್ದ 3.717 ಕಿ.ಮೀ., ತಿರುವುಗಳು 12. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದದ್ದು; ರೇಸ್ ಕಾರುಗಳನ್ನು ಕಟ್ಟುತ್ತಿದ್ದ, ಚಾಲಕರೂ ಆಗಿದ್ದ ಎಸ್. ಕರಿವರದನ್ ಅವರ ಹೆಸರನ್ನು ಅದು ಹೊತ್ತಿದೆ. ಎರಡೂ ಕಡೆಗೆ 300 ಕಿ.ಮೀ.ಗೂ ಹೆಚ್ಚು ಹೆದ್ದಾರಿಯಲ್ಲಿ ಇದೇ ಕಾರನ್ನು ಓಡಿಸಿಕೊಂಡು ಹೋಗಿ, ಟ್ರ್ಯಾಕಿನಲ್ಲಿ ಓಡಿಸಿ, ಇದೇ ಕಾರಿನಲ್ಲಿ ಮರಳಬೇಕು. ಟ್ರೇಲರಿನ ಮೇಲೆ ಕಾರನ್ನು ಸಾಗಿಸುವವರಿಗೆ ಇಲ್ಲದ ಈ ಷರತ್ತು ನನ್ನ ಆಯ್ಕೆಯ ಉದ್ದಕ್ಕೂ ಜೊತೆಗಿತ್ತು.

ಮೂಲ ಟೈರುಗಳು ಏನು ಹೇಳುತ್ತಿವೆ ಎಂಬುದನ್ನು ಮೊದಲು ಗಮನವಿಟ್ಟು ಓದಿದೆ. ಸೆಷನ್ನಿಗೆ ಮೊದಲು ಟೈರಿನ ಭುಜದ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಮುಗಿದ ಮೇಲೆ ಆ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡುವುದು ಹಳೆಯ ವಿಧಾನ. ಅದಕ್ಕೆ ಖರ್ಚಿಲ್ಲ, ಅದು ಸುಳ್ಳು ಹೇಳುವುದೂ ಇಲ್ಲ. ಮುಂದಿನ ಎರಡೂ ಟೈರುಗಳಲ್ಲಿ ಗೆರೆಯು ಓಟದ ಮುಖವನ್ನು (ನೆಲವನ್ನು ಮುಟ್ಟುವ ಭಾಗವನ್ನು) ದಾಟಿ, ಪಕ್ಕದ ಗೋಡೆಯ ಮೇಲಿರುವ ಚಿಕ್ಕ ತ್ರಿಕೋನದ ಗುರುತಿನಿಂದಲೂ ಕೆಳಕ್ಕೆ ಅಳಿಸಿರುತ್ತಿತ್ತು. ಅಂದರೆ ತಿರುವಿನಲ್ಲಿ ಟೈರು ತನ್ನ ಹೊರ ಅಂಚಿನ ಮೇಲೆ ಮಗುಚಿಕೊಂಡು ಓಡುತ್ತಿತ್ತು. ಗಾಳಿಯ ಒತ್ತಡ ಹೆಚ್ಚಿಸಿದರೆ ಮಗುಚುವುದು ಕಡಿಮೆಯಾಗುತ್ತಿತ್ತು, ಆದರೆ ಕೆಲವೇ ಲ್ಯಾಪುಗಳಲ್ಲಿ ಒತ್ತಡ ಅತಿಯಾಗಿ ಏರಿ ನಡುಭಾಗ ಮಾತ್ರ ನೆಲಕ್ಕೆ ತಾಗುವಂತಾಗುತ್ತಿತ್ತು. ಮುಂದಿನ ಚಕ್ರಗಳೇ ಎಳೆಯುವ, ಅವೇ ತಿರುಗುವ, ಬ್ರೇಕಿನ ಹೆಚ್ಚಿನ ಪಾಲನ್ನೂ ಅವೇ ಹೊರುವ ಕಾರಿನಲ್ಲಿ ಇದು ಸಹಜ. ಪೋಲೋದ ಮುಂಭಾಗದ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಡ್ಯಾಂಪರೂ ಒಂದೇ ಕಂಬದಲ್ಲಿರುವ ಬಗೆ. ಕಾರ್ಖಾನೆಯ ಹೊಂದಿಕೆಯಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವ ಕೋನ) ಅರ್ಧ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಾರು ವಾಲಿದಾಗ ಹೊರಗಿನ ಟೈರನ್ನು ನೆಟ್ಟಗೆ ನಿಲ್ಲಿಸಲು ಅಷ್ಟು ಸಾಲದು. ಅಗಲವಾದ ಟೈರೊಂದೇ ಇದನ್ನು ಸರಿಪಡಿಸುವುದಿಲ್ಲ ಎಂಬುದು ಆ ಸೀಮೆಸುಣ್ಣದ ಗೆರೆಯಿಂದಲೇ ಸ್ಪಷ್ಟವಾಗಿತ್ತು.

ಹಿಡಿತವನ್ನು ನಿರ್ಧರಿಸುವುದರಲ್ಲಿ ಅಗಲಕ್ಕಿಂತ ರಬ್ಬರಿನ ಮಿಶ್ರಣದ ಪಾತ್ರ ದೊಡ್ಡದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಸಂಖ್ಯೆ (ಸವೆತ ತಾಳುವ ಅಳತೆ; ಕಡಿಮೆಯಿದ್ದಷ್ಟು ರಬ್ಬರು ಮೃದು) ಇದರ ಒರಟು ಸೂಚನೆ ಕೊಡುತ್ತದೆ. ದಿನಬಳಕೆಯ ಟೈರುಗಳಲ್ಲಿ ಅದು 300ರಿಂದ 500ರವರೆಗೂ ಇದ್ದರೆ, ರಸ್ತೆಯಲ್ಲೂ ಓಡಿಸಬಹುದಾದ ಟ್ರ್ಯಾಕ್ ಟೈರುಗಳಲ್ಲಿ 200ರ ಸುತ್ತ, ಇನ್ನೂ ಮೃದುವಾದ, ಗೆರೆಗಳು ಕಡಿಮೆಯಿರುವ ಸೆಮಿ ಸ್ಲಿಕ್ಕುಗಳಲ್ಲಿ 100ರ ಸುತ್ತ ಇರುತ್ತದೆ. ಸಂಖ್ಯೆಯನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯ 200ನ್ನು ಇನ್ನೊಂದರ 200ರೊಂದಿಗೆ ನೇರವಾಗಿ ಹೋಲಿಸಲಾಗದು; ಆದರೂ 400ರ ಟೈರಿಗೂ 200ರ ಟೈರಿಗೂ ಇರುವ ಅಂತರ ಮೊದಲ ತಿರುವಿನಲ್ಲೇ ಕೈಗೆ ತಿಳಿಯುತ್ತದೆ. ಅದೇ ಬಗೆಯ ರಸ್ತೆ ಟೈರಿನಲ್ಲಿ 185ರಿಂದ 205ಕ್ಕೆ ಏರಿದಾಗ ಸಿಗುವ ಲಾಭ ಅದರ ಮುಂದೆ ಚಿಕ್ಕದು. ಹೀಗಾಗಿ 200ರ ಇಲ್ಲವೇ ಅದಕ್ಕಿಂತ ಮೃದುವಾದ ಬಗೆಯ ಟೈರುಗಳು ನನ್ನ ಕಾರಿಗೆ ಒಪ್ಪುವ ಯಾವ ಅಳತೆಗಳಲ್ಲಿ ತಯಾರಾಗುತ್ತವೆ ಎಂಬ ಪಟ್ಟಿಯನ್ನೇ ಮೊದಲು ಮಾಡಿಕೊಂಡೆ.

ಆ ಪಟ್ಟಿಯಲ್ಲಿ 185/60 ಆರ್15ಕ್ಕೆ ಹೆಚ್ಚೇನೂ ಸಿಗಲಿಲ್ಲ. ಅದು ಮಿತವ್ಯಯದ ಕಾರುಗಳ ಅಳತೆ. 205/50 ಆರ್15ರ ಕಥೆ ಬೇರೆಯೇ ಆಗಿತ್ತು. ಟೊಯೊ ಆರ್888ಆರ್, ನಾನ್‌ಕಾಂಗ್ ಎಆರ್-1, ಯೊಕೊಹಾಮಾ ಎ052 ಎಲ್ಲವೂ ಈ ಅಳತೆಯಲ್ಲಿ ತಯಾರಾಗುತ್ತವೆ. ಅದಕ್ಕೆ ಕಾರಣ ಮಾಜ್ದಾ ಮಿಯಾಟಾದಂಥ ಹಗುರ ಕಾರುಗಳ ದೊಡ್ಡ ಬಳಗ. ಅಮೆರಿಕದ ಸ್ಪೆಕ್ ಮಿಯಾಟಾ ರೇಸುಗಳಲ್ಲಿ 15×7 ಇಂಚಿನ ರಿಮ್ಮಿನ ಮೇಲೆ ಇದೇ 205/50 ಆರ್15 ಓಡುತ್ತದೆ, ಆ ಕಾರುಗಳ ತೂಕವೂ ನನ್ನ ಕಾರಿನ ತೂಕಕ್ಕೆ ದೂರವಿಲ್ಲ. ಮಿಯಾಟಾದಲ್ಲಿ ಎಳೆಯುವುದು ಹಿಂದಿನ ಚಕ್ರಗಳು ಎಂಬ ವ್ಯತ್ಯಾಸವಿದ್ದರೂ, ಇಷ್ಟು ತೂಕದ ಕಾರನ್ನು ರೇಸಿನ ಬಿಸಿಯಲ್ಲಿ ಈ ಜೋಡಿ ವರ್ಷಗಟ್ಟಲೆ ಹೊತ್ತಿದೆ ಎಂಬ ಸಂಗತಿ ನನಗೆ ಯಾವ ಜಾಹೀರಾತಿಗಿಂತ ಹೆಚ್ಚಿನ ಭರವಸೆ ಕೊಟ್ಟಿತು.

ಭಾರತದಲ್ಲಿ ಸಿಗುವುದು ಮಾತ್ರ ಇನ್ನೊಂದು ಪ್ರಶ್ನೆ. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ಮುಕ್ತ ವರ್ಗದಿಂದ ನಿರ್ಬಂಧಿತ ವರ್ಗಕ್ಕೆ ಸರಿಸಲಾಯಿತು. ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದುದು ಅದಕ್ಕೂ ಹಿಂದಿನಿಂದಲೇ. ಇದರಿಂದಾಗಿ ಬೇಕಾದ ಟೈರು ಅಂಗಡಿಯಲ್ಲಿ ಯಾವಾಗಲೂ ಇರುವುದಿಲ್ಲ, ಇದ್ದಾಗ ನಾಲ್ಕನ್ನೂ ಒಟ್ಟಿಗೇ ಕೊಳ್ಳಬೇಕಾಗುತ್ತದೆ. ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ವಾರ ಮತ್ತು ವರ್ಷವನ್ನು ಓದಲೇಬೇಕು. ವರ್ಷಗಟ್ಟಲೆ ಗೋದಾಮಿನ ಬಿಸಿಯಲ್ಲಿ ಕುಳಿತ ಮೃದು ರಬ್ಬರು ಗಟ್ಟಿಯಾಗಿರುತ್ತದೆ. ಟ್ರ್ಯಾಕ್ ಟೈರು ಸಿಗದ ಕಾಲದಲ್ಲಿಯೂ ಅದೇ ರಿಮ್ಮಿನ ಮೇಲೆ ಓಡಿಸಲು 195/55 ಆರ್15ರ ಒಳ್ಳೆಯ ರಸ್ತೆ ಟೈರುಗಳು ಇಲ್ಲಿ ಸುಲಭವಾಗಿ ಸಿಗುತ್ತವೆ ಎಂಬುದು ನನ್ನ ಲೆಕ್ಕದಲ್ಲಿ ದೊಡ್ಡ ಅಂಶವಾಯಿತು. ಒಂದೇ ಒಂದು ದುರ್ಲಭ ಟೈರಿಗೆ ಮಾತ್ರ ಒಪ್ಪುವ ರಿಮ್ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಅಳತೆಗಳ ಗಣಿತ ಸರಳವಾದದ್ದು. 185/60 ಆರ್15ರಲ್ಲಿ ಪಕ್ಕದ ಗೋಡೆಯ ಎತ್ತರ 185ರ ಶೇ. 60, ಅಂದರೆ 111 ಮಿ.ಮೀ.; ಅದರ ಎರಡರಷ್ಟನ್ನು ರಿಮ್ಮಿನ 381 ಮಿ.ಮೀ.ಗೆ ಸೇರಿಸಿದರೆ ಟೈರಿನ ಪೂರ್ಣ ವ್ಯಾಸ 603 ಮಿ.ಮೀ. ಆಗುತ್ತದೆ. ಇದೇ ರೀತಿಯಲ್ಲಿ 195/55 ಆರ್15ಕ್ಕೆ 595.5, 205/50 ಆರ್15ಕ್ಕೆ 586, 195/50 ಆರ್15ಕ್ಕೆ 576 ಮಿ.ಮೀ. ಬರುತ್ತದೆ. 205/50ರಲ್ಲಿ ವ್ಯಾಸ ಶೇ. 2.8ರಷ್ಟು ಕುಗ್ಗುವುದರಿಂದ ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ, ನಿಧಾನ ತಿರುವಿನಿಂದ ಹೊರಡುವಾಗ ಎಂಜಿನ್ನಿಗೆ ಅದು ನೆರವಾಗುತ್ತದೆ. ಸ್ಪೀಡೋಮೀಟರ್ ಅಷ್ಟು ಹೆಚ್ಚು ತೋರಿಸುತ್ತದೆ. ಕಾರು ನೆಲಕ್ಕೆ 8.5 ಮಿ.ಮೀ. ಹತ್ತಿರವಾಗುತ್ತದೆ. ಟ್ರ್ಯಾಕಿನಲ್ಲಿ ಇವೆಲ್ಲ ಲಾಭವೇ. 195/50 ಆರ್15ನ್ನು ಬಿಟ್ಟದ್ದು ವ್ಯಾಸದ ಕಾರಣಕ್ಕಷ್ಟೇ ಅಲ್ಲ, ಅದರ ಲೋಡ್ ಇಂಡೆಕ್ಸಿನಿಂದಾಗಿ, ಅಂದರೆ ಟೈರು ಹೊರಬಲ್ಲ ತೂಕವನ್ನು ಸೂಚಿಸುವ ಸಂಖ್ಯೆಯಿಂದಾಗಿ. ಮೂಲ ಟೈರಿನ 84 ಎಂದರೆ ಒಂದು ಟೈರಿಗೆ 500 ಕಿಲೋ. 195/50ರಲ್ಲಿ ಸಾಮಾನ್ಯವಾಗಿ ಸಿಗುವುದು 82, ಎಂದರೆ 475 ಕಿಲೋ. ಬ್ರೇಕಿನಲ್ಲಿ ಮೂಗು ತಗ್ಗಿಸಿ ತಿರುವಿಗೆ ಇಳಿಯುವ ಮುಂಭಾರದ ಕಾರಿಗೆ ಮೂಲಕ್ಕಿಂತ ಕಡಿಮೆ ಹೊರೆಯ ಟೈರು ಹಾಕುವುದನ್ನು ನಾನು ಒಪ್ಪಲಾರೆ. 195/55ರಲ್ಲಿ 85, 205/50ರಲ್ಲಿ 86 ಸಿಗುತ್ತದೆ. ಎರಡೂ ಮೂಲದ ಮಟ್ಟಕ್ಕಿಂತ ಮೇಲೆ.

17 ಇಂಚಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ, ಏಕೆಂದರೆ ಪೋಲೋ ಇಟ್ಟುಕೊಂಡವರಲ್ಲಿ 215/40 ಆರ್17 ಬಹಳ ಜನಪ್ರಿಯ. ಅದರ ವ್ಯಾಸ 603.8 ಮಿ.ಮೀ., ಮೂಲಕ್ಕೆ ಹೆಚ್ಚು ಕಡಿಮೆ ಸಮ, ನೋಡಲೂ ಸೊಗಸು. ಆದರೆ ಅದೇ ವ್ಯಾಸದೊಳಗೆ ರಬ್ಬರಿನ ಜಾಗವನ್ನು ಲೋಹ ತುಂಬುವುದರಿಂದ ತೂಕ ಹೆಚ್ಚುತ್ತದೆ, ಆ ತೂಕವೂ ಕೇಂದ್ರದಿಂದ ದೂರಕ್ಕೆ ಸರಿಯುತ್ತದೆ. ಸುತ್ತುವ ಚಕ್ರದ ಅಂಚಿನಲ್ಲಿರುವ ಒಂದು ಕಿಲೋ, ವೇಗ ಹೆಚ್ಚಿಸುವಾಗ ಕಾರಿನ ಮೈಯಲ್ಲಿರುವ ಸುಮಾರು ಎರಡು ಕಿಲೋಗಳಷ್ಟು ಭಾರವಾಗಿ ವರ್ತಿಸುತ್ತದೆ. 105 ಪಿಎಸ್ ಇರುವ ಕಾರಿಗೆ ಅದು ಕ್ಷುಲ್ಲಕವಲ್ಲ. ಟ್ರ್ಯಾಕಿನ ಅಂಚಿನ ಉಬ್ಬುಗಳಾದ ಕರ್ಬುಗಳ ಮೇಲೆ ಹತ್ತಿ ಇಳಿಯುವಾಗ 86 ಮಿ.ಮೀ. ಎತ್ತರದ ಗೋಡೆಗಿಂತ 102 ಮಿ.ಮೀ. ಎತ್ತರದ ಗೋಡೆ ರಿಮ್ಮನ್ನು ಚೆನ್ನಾಗಿ ಕಾಯುತ್ತದೆ. ದೊಡ್ಡ ರಿಮ್ಮಿಗೆ ಒಂದೇ ನ್ಯಾಯವಾದ ಕಾರಣ ದೊಡ್ಡ ಬ್ರೇಕು. ಫೋಕ್ಸ್‌ವ್ಯಾಗನ್ ಬಳಗದ 288 ಮಿ.ಮೀ. ಡಿಸ್ಕು 15 ಇಂಚಿನೊಳಗೆ ಕೂರುತ್ತದೆ, 312 ಮಿ.ಮೀ. ಡಿಸ್ಕಿಗೆ 16 ಇಂಚು ಬೇಕು. ನನ್ನ ವೇಗಕ್ಕೆ 312ರ ಅಗತ್ಯವಿಲ್ಲ. ಒಳ್ಳೆಯ ಪ್ಯಾಡು, ಹೊಸ ಬ್ರೇಕ್ ಆಯಿಲ್ ಸಾಕು. ಹೀಗೆ 15 ಇಂಚು ಉಳಿಯಿತು.

ರಿಮ್ಮಿನ ಅಗಲದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ ಭಾಗ ಇದು. ಪ್ರತಿ ಟೈರಿಗೂ ಒಪ್ಪುವ ರಿಮ್ಮಿನ ಅಗಲಕ್ಕೆ ಒಂದು ಮಾನ್ಯ ವ್ಯಾಪ್ತಿ ಇದೆ: 195/55 ಆರ್15ಕ್ಕೆ 5.5ರಿಂದ 7 ಇಂಚು, 205/50 ಆರ್15ಕ್ಕೆ 5.5ರಿಂದ 7.5 ಇಂಚು. ಕಾಗದದ ಮೇಲೆ ನನ್ನ ಮೂಲದ 6 ಇಂಚಿನ ರಿಮ್ಮೂ ಎರಡಕ್ಕೂ ಸಾಕು. ಆದರೆ ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ಏರಿಸಿದಾಗ ಅದು ಬಾಯಿ ಚಿಕ್ಕದಾಗಿ ಹೊಟ್ಟೆ ದೊಡ್ಡದಾದ ಕೊಡದ ಆಕಾರ ತಾಳುತ್ತದೆ. ಪಕ್ಕದ ಗೋಡೆಗಳು ಒಳಮುಖವಾಗಿ ವಾಲಿ ನಿಲ್ಲುತ್ತವೆ, ತಿರುವಿನ ಬಲ ಬಂದಾಗ ಟೈರು ರಿಮ್ಮಿನ ಮೇಲೆ ಪಕ್ಕಕ್ಕೆ ತೂಗಾಡುತ್ತದೆ. ಅಗಲದ ರಿಮ್ಮಿನಲ್ಲಿ ಅದೇ ಗೋಡೆಗಳು ನೆಟ್ಟಗೆ ನಿಂತು ಓಟದ ಮುಖವನ್ನು ಚಪ್ಪಟೆಯಾಗಿ ನೆಲಕ್ಕೆ ಒತ್ತುತ್ತವೆ.

ಇದನ್ನು ಪುಸ್ತಕದ ಮಾತಾಗಿ ಒಪ್ಪುವ ಬದಲು ಕೈಯಾರೆ ನೋಡುವ ಅವಕಾಶ ನನಗೆ ಒದಗಿತು. 195/55 ಆರ್15ರ ಒಂದೇ ಜೊತೆ ರಸ್ತೆ ಟೈರುಗಳನ್ನು ಮೊದಲು ಮೂಲದ 6 ಇಂಚಿನ ರಿಮ್ಮಿನ ಮೇಲೆ ಓಡಿಸಿ, ಅನಂತರ ಸ್ನೇಹಿತರಿಂದ ಎರವಲು ತಂದ 7 ಇಂಚಿನ ರಿಮ್ಮುಗಳ ಮೇಲೆ ಅವನ್ನೇ ಏರಿಸಿ ಕರಿ ಟ್ರ್ಯಾಕಿನಲ್ಲಿ ಓಡಿಸಿದೆ. ರಬ್ಬರು ಅದೇ, ಬಿಸಿಯಾದಾಗಿನ ಒತ್ತಡವೂ ಅದೇ. ಆದರೆ ಸ್ಟೀರಿಂಗ್ ತಿರುಗಿಸಿದ್ದಕ್ಕೂ ಮೂಗು ತಿರುಗಿದ್ದಕ್ಕೂ ನಡುವೆ ಇದ್ದ ಆ ಸಣ್ಣ ವಿಳಂಬ ಬಹುಮಟ್ಟಿಗೆ ಹೋಗಿತ್ತು. ಎಡಕ್ಕೂ ಬಲಕ್ಕೂ ಬೆನ್ನುಬೆನ್ನಿಗೆ ಬರುವ ತಿರುವುಗಳಲ್ಲಿ ಕಾರು ಹೊಯ್ದಾಡದೆ ದಿಕ್ಕು ಬದಲಿಸುತ್ತಿತ್ತು. ಸೀಮೆಸುಣ್ಣದ ಗೆರೆ ತ್ರಿಕೋನದ ಬಳಿಗೆ ಬಂದು ನಿಲ್ಲುತ್ತಿತ್ತು. ಹೊಸ ಟೈರಿಗೆ ಹಣ ಹಾಕುವ ಮೊದಲು ರಿಮ್ಮಿನ ಅಗಲಕ್ಕೆ ಹಾಕಬೇಕು ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಈ ಅನುಭವದಿಂದಲೇ. 7.5 ಇಂಚಿನ ರಿಮ್ಮನ್ನೂ ಯೋಚಿಸಿದೆ. ಅದು 205/50ಕ್ಕೆ ಇನ್ನೂ ಚೆಂದ, ಆದರೆ 195/55ರ ವ್ಯಾಪ್ತಿಯನ್ನು ಮೀರುತ್ತದೆ. ಎರಡೂ ಟೈರುಗಳಿಗೆ ಒಪ್ಪುವ 7ರಲ್ಲೇ ನಿಂತೆ.

ಇನ್ನು ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬನ್ನು (ಚಕ್ರವನ್ನು ಬೋಲ್ಟಿನಿಂದ ಬಿಗಿಯುವ ಕೇಂದ್ರಭಾಗವನ್ನು) ತಾಗುವ ಮೇಲ್ಮೈ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಇಟಿ ಸಂಖ್ಯೆ. ಸಂಖ್ಯೆ ಕಡಿಮೆಯಾದಂತೆ ಚಕ್ರ ಕಾರಿನಿಂದ ಹೊರಕ್ಕೆ ಬರುತ್ತದೆ. ರಿಮ್ಮಿನ ಅಗಲ ಅರ್ಧ ಇಂಚು ಹೆಚ್ಚಿದರೆ ಟೈರಿನ ಉಬ್ಬು ಸುಮಾರು 5 ಮಿ.ಮೀ. ಹೆಚ್ಚುತ್ತದೆ ಎಂಬ ಲೆಕ್ಕ ಹಿಡಿದರೆ, 6 ಇಂಚಿನ ಮೇಲಿನ 185/60 ಟೈರಿನ ಒಟ್ಟು ಅಗಲ ಸುಮಾರು 194 ಮಿ.ಮೀ., 7 ಇಂಚಿನ ಮೇಲಿನ 205/50ರದ್ದು ಸುಮಾರು 219 ಮಿ.ಮೀ. ಅಂದರೆ ಪ್ರತಿ ಬದಿಗೆ 12.5 ಮಿ.ಮೀ. ಹೆಚ್ಚು. ಇಟಿ 40ರ ಬದಲು 38 ಆದರೆ ಟೈರು ಒಳಕ್ಕೆ 10.5, ಹೊರಕ್ಕೆ 14.5 ಮಿ.ಮೀ. ಬೆಳೆಯುತ್ತದೆ, ಇಟಿ 35 ಆದರೆ ಒಳಕ್ಕೆ 7.5, ಹೊರಕ್ಕೆ 17.5.

ಇವುಗಳಲ್ಲಿ ಯಾವುದು ಎಂಬುದನ್ನು ಕಾರೇ ಹೇಳಬೇಕು. ಮುಂದಿನ ಚಕ್ರ ಮತ್ತು ಸ್ಟ್ರಟ್ಟಿನ ನಡುವೆ ಅಲೆನ್ ಕೀಲಿಗಳನ್ನು ತೂರಿಸಿ ಅಳೆದಾಗ ಅತಿ ಕಿರಿದಾದ ಕಡೆ ನನ್ನ ಕಾರಿನಲ್ಲಿ 18 ಮಿ.ಮೀ. ಸಂದಿ ಇತ್ತು. ಸ್ಟ್ರಟ್ಟು ಮತ್ತು ಹಬ್ಬು ಒಂದಕ್ಕೊಂದು ಬಿಗಿಯಾಗಿ ಕೂಡಿರುವುದರಿಂದ ಸಸ್ಪೆನ್ಷನ್ ಎಷ್ಟೇ ಕುಗ್ಗಿದರೂ ಈ ಸಂದಿ ಬದಲಾಗದು. ಟೈರು ಬಾಗುವುದಕ್ಕೆ 5 ಮಿ.ಮೀ.ಯಷ್ಟು ಬಿಟ್ಟರೆ ಸಾಕು. ಹೊರಬದಿಯ ಲೆಕ್ಕ ಅಷ್ಟು ಸುಲಭವಲ್ಲ. ಮೆಕ್ಯಾನಿಕ್ಕಿನ ನೆರವಿನಿಂದ ಸ್ಪ್ರಿಂಗ್ ತೆಗೆಸಿ, ಹಬ್ಬನ್ನು ಜ್ಯಾಕಿನಿಂದ ಬಂಪ್ ಸ್ಟಾಪಿನವರೆಗೆ (ಸಸ್ಪೆನ್ಷನ್ ಪೂರ್ತಿ ಕುಗ್ಗುವ ಮಿತಿಯವರೆಗೆ) ಎತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ಎಲ್ಲಿ ತಾಗಬಹುದು ಎಂದು ನೋಡಿದೆ. ಮುಂದೆ ಜಾಗವಿತ್ತು. ಹಿಂದೆ ಫೆಂಡರಿನ ಒಳಮಡಿಕೆಯ ಅಂಚು ಬಿಗಿಯಾಗಿತ್ತು, ಇಟಿ 35ರಲ್ಲಿ ಅದನ್ನು ಮಡಿಸಿ ಚಪ್ಪಟೆ ಮಾಡಿಸಬೇಕಾಗುತ್ತಿತ್ತು. ಇಟಿ 38ರಲ್ಲಿ ಮುಂದೆ ಸ್ಟ್ರಟ್ಟಿನ ಬಳಿ 7.5 ಮಿ.ಮೀ. ಉಳಿಯುತ್ತದೆ, ಹಿಂದೆ ಫೆಂಡರ್ ಮುಟ್ಟಬೇಕಿಲ್ಲ. ಚಕ್ರದ ನಡುಗೆರೆ ಮೂಲದಿಂದ ಎರಡೇ ಮಿ.ಮೀ. ಸರಿಯುವುದರಿಂದ ಸ್ಟೀರಿಂಗಿನ ಗುಣವೂ ಕೆಡದು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ನೋಟಕ್ಕಾಗಿ ಇಟಿ 25ರ ರಿಮ್ ಹಾಕಿದಾಗ ಪೂರ್ತಿ ಶಕ್ತಿ ಕೊಟ್ಟರೆ ಸ್ಟೀರಿಂಗ್ ಕೈಯಲ್ಲಿ ಎಳೆದಾಡುವುದಕ್ಕೆ ಇದೇ ಅಂತರ ಕಾರಣ. ಮುಂದೆ ಅಗಲ, ಹಿಂದೆ ಕಿರಿದು ಎಂಬ ಜೋಡಿಯನ್ನು ಇಂಥ ಕಾರುಗಳಲ್ಲಿ ರೇಸಿನವರು ಬಳಸುವುದುಂಟು. ನಾನು ನಾಲ್ಕಕ್ಕೂ ಒಂದೇ ಅಳತೆ ಇಟ್ಟುಕೊಂಡೆ, ಏಕೆಂದರೆ ಮುಂದಿನ ಟೈರು ಹಿಂದಿನದಕ್ಕಿಂತ ಬೇಗ ಸವೆಯುತ್ತದೆ ಮತ್ತು ಅದಲುಬದಲು ಮಾಡಲು ಸಾಧ್ಯವಾದರೆ ಮಾತ್ರ ಒಂದು ಸೆಟ್ಟಿನಿಂದ ಪೂರ್ತಿ ಕೆಲಸ ಸಿಗುತ್ತದೆ.

ರಿಮ್ಮು ಕೊಳ್ಳುವಾಗ ಉಳಿದ ವಿಷಯಗಳು ಸಣ್ಣವಾಗಿ ಕಂಡರೂ ಪ್ರಾಣಕ್ಕೆ ಸಂಬಂಧಿಸಿದವು. ಪೋಲೋದ ಬೋಲ್ಟು ವೃತ್ತ 5×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟು), ನಡುರಂಧ್ರ 57.1 ಮಿ.ಮೀ. ಬೇರೆ ಕಂಪನಿಗಳ ರಿಮ್ಮಿನಲ್ಲಿ ನಡುರಂಧ್ರ ದೊಡ್ಡದಿರುತ್ತದೆ, ಅದಕ್ಕೆ ಸರಿಯಾದ ಅಳತೆಯ ಉಂಗುರ ಹಾಕಿಸಬೇಕು. ಬ್ರೇಕಿನ ಬಿಸಿ ತಾಳುವ ಅಲ್ಯುಮಿನಿಯಂ ಉಂಗುರವನ್ನೇ ನಾನು ಆರಿಸಿದೆ. ಇದಕ್ಕಿಂತ ಮುಖ್ಯವಾದದ್ದು ಬೋಲ್ಟಿನ ತಲೆ. ಫೋಕ್ಸ್‌ವ್ಯಾಗನ್ ರಿಮ್ಮಿನ ಬೋಲ್ಟು ಕೂರುವ ಜಾಗ ಗೋಳಾಕಾರದ್ದು, ಹೊರಗಿನ ರಿಮ್ಮುಗಳಲ್ಲಿ ಬಹುಪಾಲು ಶಂಕುವಿನ ಆಕಾರದ್ದು. ಗೋಳದ ಬೋಲ್ಟನ್ನು ಶಂಕುವಿನ ಕುಳಿಗೆ ಬಿಗಿದರೆ ಅದು ತೆಳುವಾದ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ, ಬಿಗಿ ನಿಲ್ಲುವುದಿಲ್ಲ. ಹೊಸ ರಿಮ್ಮಿಗೆ ಹೊಂದುವ ಎಂ14×1.5 ಶಂಕು ಬೋಲ್ಟುಗಳನ್ನೇ ತರಿಸಿ, ಕೈಯಿಂದ ಏಳೂವರೆ ಸುತ್ತಾದರೂ ಒಳಹೋಗುತ್ತವೆ ಎಂದು ಎಣಿಸಿ ಖಚಿತಪಡಿಸಿಕೊಂಡೆ. ಬಿಗಿತ 120 ನ್ಯೂಟನ್ ಮೀಟರ್, ಟಾರ್ಕ್ ವ್ರೆಂಚಿನಲ್ಲಿಯೇ. ಮೊದಲ ಸೆಷನ್ ಮುಗಿದು ಚಕ್ರ ತಣಿದ ಮೇಲೆ ಮತ್ತೊಮ್ಮೆ. ರಿಮ್ಮಿನಲ್ಲಿ ಜಪಾನಿನ ಗಟ್ಟಿತನದ ಪರೀಕ್ಷೆಯ ಜೆಡಬ್ಲ್ಯೂಎಲ್ ಮತ್ತು ವಿಐಎ ಗುರುತುಗಳನ್ನೂ ಹೊರೆಯ ಮಿತಿಯನ್ನೂ ಓದಿ ಕೊಂಡೆ. ಅಚ್ಚಿನಲ್ಲಿ ಎರಕ ಹೊಯ್ದು ಅಂಚನ್ನು ಒತ್ತಿ ಎಳೆದು ಮಾಡುವ ಫ್ಲೋ ಫಾರ್ಮ್ಡ್ ಬಗೆಯದು ಅದು. ಲೋಹವನ್ನು ಒತ್ತಿ ಮಾಡುವ ಪೂರ್ತಿ ಫೋರ್ಜ್ಡ್ ರಿಮ್ಮಿನ ಬೆಲೆಗೆ ಹಲವು ಸೆಟ್ ಟೈರು ಬರುತ್ತದೆ, ನನ್ನ ಆಯ್ಕೆ ಟೈರಿನ ಕಡೆಗೆ.

ಟ್ರ್ಯಾಕಿನ ಸೆಟ್ಟನ್ನು ನಾನು ರಸ್ತೆಯಲ್ಲಿ ಓಡಿಸುವುದಿಲ್ಲ. ಕೃಷ್ಣಗಿರಿ, ವೆಲ್ಲೂರಿನ ಹೆದ್ದಾರಿಯಲ್ಲಿ ಮಳೆ ಹಿಡಿದರೆ ನೀರು ಚೆಲ್ಲಲು ಗೆರೆಗಳೇ ಕಡಿಮೆಯಿರುವ ಟೈರು ಅಪಾಯಕಾರಿ. ಹಿಂದಿನ ಸೀಟು ಮಡಿಸಿದರೆ 586 ಮಿ.ಮೀ. ವ್ಯಾಸದ ನಾಲ್ಕು ಚಕ್ರಗಳು, ಒಂದು ಜ್ಯಾಕು, ವ್ರೆಂಚು, ಒತ್ತಡಮಾಪಕ ಎಲ್ಲವೂ ಪೋಲೋದೊಳಗೆ ಹಿಡಿಸುತ್ತವೆ. 185/60ರ ಮೂಲ ಟೈರುಗಳ ಮೇಲೆ ಹೋಗಿ, ಪ್ಯಾಡಕ್ಕಿನಲ್ಲಿ (ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಅಂಗಳದಲ್ಲಿ) ಚಕ್ರ ಬದಲಿಸಿ, ಸಂಜೆ ಮತ್ತೆ ಮೂಲಕ್ಕೆ ಮರಳುತ್ತೇನೆ.

ಮದ್ರಾಸ್ ಟ್ರ್ಯಾಕಿನಲ್ಲಿ 205/50ರ ಮೇಲೆ ಕಾರು ಓಡಿದ ರೀತಿ ನನಗೆ ಬಹಳ ಸಂತೋಷ ಕೊಟ್ಟಿದೆ. ಉದ್ದನೆಯ ತಿರುವುಗಳಲ್ಲಿ ಮೂಗು ಹೊರಗೆ ಜಾರುವುದನ್ನು ಕಾಯುತ್ತಾ ಕೂರಬೇಕಿಲ್ಲ, ಬ್ರೇಕನ್ನು ಬಿಡುತ್ತಾ ತಿರುವಿನೊಳಕ್ಕೆ ಇಳಿಯಬಹುದು. ತಣ್ಣಗಿದ್ದಾಗ ಮುಂದೆ 27 ಪಿಎಸ್‌ಐ ಇಟ್ಟು ಹೊರಟರೆ ಬಿಸಿಯಾದಾಗ 34ರ ಬಳಿ ನಿಲ್ಲುತ್ತದೆ; ಟೈರಿನೊಳಗಿನ ಗಾಳಿಯ ತಾಪ 6 ಡಿಗ್ರಿ ಏರಿದಂತೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ ಎಂಬ ಲೆಕ್ಕಕ್ಕೆ ಇದು ಹೊಂದುತ್ತದೆ. ಹಿಂದಿನವನ್ನು ಬಿಸಿಯಲ್ಲಿ 36ರವರೆಗೆ ಬಿಟ್ಟರೆ ಬಾಲ ಹಗುರವಾಗಿ ತಿರುಗಲು ನೆರವಾಗುತ್ತದೆ. ಸೆಷನ್ ಮುಗಿದ ಕೂಡಲೇ ಸೂಜಿಯ ತಾಪಮಾಪಕದಿಂದ ಓಟದ ಮುಖದ ಒಳ, ನಡು, ಹೊರ ಭಾಗಗಳನ್ನು ಅಳೆದಾಗ ಹೊರ ಅಂಚು ಈಗಲೂ ಒಳ ಅಂಚಿಗಿಂತ ಬಿಸಿಯಾಗಿಯೇ ಇದೆ. ಅದಕ್ಕೆ ಉತ್ತರ ಟೈರಿನ ಅಳತೆಯಲ್ಲಿಲ್ಲ, ಕ್ಯಾಂಬರಿನಲ್ಲಿದೆ. ಮುಂದಿನ ಹೆಜ್ಜೆ ಸ್ಟ್ರಟ್ಟಿನ ತಲೆಗೆ ಕ್ಯಾಂಬರ್ ಪ್ಲೇಟು ಹಾಕಿಸುವುದು. ತಲೆ ಒಳಕ್ಕೆ ಸರಿದಾಗ ಸ್ಟ್ರಟ್ಟೂ ಹಬ್ಬೂ ಒಟ್ಟಿಗೇ ವಾಲುವುದರಿಂದ ಆ 7.5 ಮಿ.ಮೀ. ಸಂದಿ ಹಾಗೆಯೇ ಉಳಿಯುತ್ತದೆ, ಫೆಂಡರಿನ ಕಡೆ ಜಾಗ ಇನ್ನಷ್ಟು ಸಿಗುತ್ತದೆ. ಆದ್ದರಿಂದ ಇದೇ 15×7, ಇಟಿ 38 ರಿಮ್ಮನ್ನು ಬದಲಿಸದೆ ಎರಡು ಡಿಗ್ರಿಯ ಆಸುಪಾಸಿನಿಂದ ಆರಂಭಿಸಿ ತಾಪಮಾಪಕ ಹೇಳಿದಂತೆ ಹೊಂದಿಸಲಿದ್ದೇನೆ.